ಒಂದು ತ್ರಿವೇಣಿ, ಎರಡು ನರಸಿಂಹಯ್ಯ

(ಗ್ರಂಥಾಲಯ ಸಪ್ತಾಹದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಬಹುತೇಕ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ "ಜನಪ್ರಿಯ ಕಾದಂಬರಿ: ಪ್ರಕಾರಗಳು ಮತ್ತು ಸರಣಿಗಳು" ಎಂದಿದೆ. ಓದಿ ಸ್ವಲ್ಪ ಗಾಬರಿಯಾಯಿತು. ನಾನು ವಿಮರ್ಶಕಿ ಅಲ್ಲ, ಕನ್ನಡ ಎಂ.ಎ. ಕೂಡ ಮಾಡಿಲ್ಲ. ಇಲ್ಲಿ ನಿಂತು ಮಾತಾಡಲು ನನಗಿರುವ ಅರ್ಹತೆ ಒಂದೇ. ನಾನು ಬಾಡಿಗೆ ಪುಸ್ತಕದ ಅಂಗಡಿಯವರ ಮಗಳು.

ಅರಸೀಕೆರೆಯಲ್ಲಿ ಬಸ್‌ಸ್ಟ್ಯಾಂಡಿಗೂ ರೈಲ್ವೆ ಸ್ಟೇಷನ್ನಿಗೂ ನಡುವೆ ನಮ್ಮಪ್ಪ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದರು. ಲೈಬ್ರರಿ ಎಂದ ತಕ್ಷಣ ಏನೇನೋ ಊಹಿಸಿಕೊಳ್ಳಬೇಡಿ. ಎಂಟಡಿ ಅಗಲದ ಮಳಿಗೆ. ಎಡಗಡೆ ನೋಟ್‌ಬುಕ್ಕು, ರೀಫಿಲ್ಲು, ಮಸಿ ಬಾಟಲಿ. ಬಲಗಡೆ ಸೂರಿನವರೆಗೂ ಕಾದಂಬರಿ. ನಾನು ಸ್ಕೂಲು ಮುಗಿಸಿ ಬಂದರೆ ಅಪ್ಪ ಕಾಫಿಗೆ ಹೋಗುತ್ತಿದ್ದರು. ಅವರು ಬರುವವರೆಗೆ ಗಲ್ಲಾ ಮೇಲೆ ನಾನೇ. ಅಪ್ಪನ ಕಾಫಿ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಎಂಬತ್ತರ ದಶಕದಲ್ಲಿ ನಮ್ಮೂರಿನವರು ಏನು ಓದುತ್ತಿದ್ದರು ಅನ್ನೋದು ನನಗೆ ಚೆನ್ನಾಗಿ ಗೊತ್ತು. ಯಾರು ಓದದೇ ಓದಿದೆ ಅಂತಿದ್ದರು ಅನ್ನೋದೂ ಗೊತ್ತು.

ಹತ್ತು ರೂಪಾಯಿ ಡಿಪಾಸಿಟ್. ಪುಸ್ತಕಕ್ಕೆ ದಿನಕ್ಕೆ ನಾಲ್ಕಾಣೆ, ದಪ್ಪ ಪುಸ್ತಕವಾದರೆ ಎಂಟಾಣೆ. ಹೊಸ ಪುಸ್ತಕ ಬಂದ ದಿನವೇ ಅಪ್ಪ ಅದಕ್ಕೆ ಖಾಕಿ ಕಾಗದದ ರಟ್ಟು ಹಾಕಿಬಿಡುತ್ತಿದ್ದರು. ಒಳಗೆ ಎಷ್ಟೇ ಬಣ್ಣದ ಮುಖಪುಟ ಇರಲಿ, ಹೊರಗಿನಿಂದ ಎಲ್ಲ ಒಂದೇ. ಬೆನ್ನಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಲೇಖಕರ ಹೆಸರು ದೊಡ್ಡದಾಗಿ, ಕಾದಂಬರಿಯ ಹೆಸರು ಸಣ್ಣದಾಗಿ, ಕೆಳಗೆ ನಂಬರು. ಯಾಕಪ್ಪಾ ಹೀಗೆ ಎಂದು ಕೇಳಿದ್ದೆ. "ಯಾರೂ ಪುಸ್ತಕದ ಹೆಸರು ಕೇಳಲ್ಲ ಕಣೇ" ಎಂದರು.

ನಿಜ, ಯಾರೂ ಕೇಳುತ್ತಿರಲಿಲ್ಲ. "ಒಂದು ತ್ರಿವೇಣಿ ಕೊಡಮ್ಮ." "ಎರಡು ನರಸಿಂಹಯ್ಯ ಕೊಡು, ರಾತ್ರಿ ರೈಲಿಗೆ ಬೇಕು." ಮನೆ ಬಿಟ್ಟು ಬರಲಾಗದ ಹೆಂಗಸರು ಮಕ್ಕಳ ಕೈಲಿ ಚೀಟಿ ಕಳಿಸುತ್ತಿದ್ದರು. "ಹೊಸ ಸಾಯಿಸುತೆ ಇದ್ದರೆ ಕೊಡಿ, ಇಲ್ಲದಿದ್ದರೆ ಉಷಾ ನವರತ್ನರಾಂ. ಹೋದ ವಾರ ಕೊಟ್ಟಿದ್ದನ್ನೇ ಮತ್ತೆ ಕೊಡಬೇಡಿ." ಕಾಲು ಕೆಜಿ ಸಕ್ಕರೆ, ಒಂದು ಕಟ್ಟು ಬೀಡಿ ಕೇಳಿದ ಹಾಗೆ ಲೇಖಕರನ್ನು ಕೇಳುತ್ತಿದ್ದರು.

ಈಗಿನ ಪುಸ್ತಕದಂಗಡಿಗಳಲ್ಲಿ ಥ್ರಿಲ್ಲರ್, ರೊಮ್ಯಾನ್ಸ್, ಫ್ಯಾಂಟಸಿ ಎಂದು ಬೋರ್ಡು ಇರುತ್ತದೆ. ನಮ್ಮಲ್ಲಿ ಲೇಖಕರ ಹೆಸರೇ ಬೋರ್ಡು. ಸರಣಿಯ ವಿಷಯವೂ ಅಷ್ಟೇ. ಇಂಗ್ಲಿಷಿನಲ್ಲಿ ಸೀರೀಸ್ ಎಂದರೆ ಒಬ್ಬನೇ ನಾಯಕ, ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಾನೆ, ಬೆನ್ನಿನ ಮೇಲೆ ಒಂದು, ಎರಡು, ಮೂರು ಎಂದು ಅಚ್ಚಾಗಿರುತ್ತದೆ. ಕನ್ನಡದಲ್ಲಿ ಆ ತರದ್ದು ಇತ್ತು, ಆದರೆ ಕಡಿಮೆ. ಸರಣಿಯನ್ನು ನಮ್ಮ ಓದುಗರು ತಾವೇ ಕಟ್ಟಿಕೊಂಡರು. ಒಬ್ಬ ಲೇಖಕಿಯ ಇಪ್ಪತ್ತು ಬೇರೆ ಬೇರೆ ಕಾದಂಬರಿಗಳನ್ನು ಸಾಲಾಗಿ ಓದಿ ಅದನ್ನೇ ಒಂದು ದೊಡ್ಡ ಕತೆ ಮಾಡಿಕೊಂಡರು. ಒಂದು ಊರಿನ ಕತೆಗಳನ್ನು ಜೋಡಿಸಿಕೊಂಡರು. ಕೆಲವರು ಸೂಜಿದಾರ ಹಿಡಿದು ನಿಜವಾಗಿಯೂ ಹೊಲಿದುಕೊಂಡರು. ಅದನ್ನು ಆಮೇಲೆ ಹೇಳುತ್ತೇನೆ. ಇವತ್ತು ನಾನು ಹೇಳಬೇಕು ಎಂದುಕೊಂಡಿರುವುದು ಈ ಕಟ್ಟಿಕೊಂಡ ಸಂಗತಿಯನ್ನೇ.

ಪತ್ತೇದಾರಿಯಿಂದ ಶುರು ಮಾಡೋಣ. ಒಬ್ಬನೇ ನಾಯಕನ ಸರಣಿ ನಮ್ಮಲ್ಲಿ ಗಟ್ಟಿಯಾಗಿ ನಿಂತದ್ದು ಅಲ್ಲೇ.

ಎನ್. ನರಸಿಂಹಯ್ಯನವರು ಹುಟ್ಟಿದ್ದು 1925ರಲ್ಲಿ, ತೀರಿಕೊಂಡದ್ದು 2011ರಲ್ಲಿ. ಸ್ಕೂಲಿಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ಒಂದು ನಿಮಿಷ ನೋಡಿ. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಗೊತ್ತಿಲ್ಲದವರು ನಮ್ಮೂರಲ್ಲಿ ಇರಲಿಲ್ಲ. ಆಮೇಲೆ ಮಧುಸೂದನ ಬಂದ, ಅರಿಂಜಯ ಬಂದ. ಯಾವ ಪತ್ತೇದಾರ ಜಾಸ್ತಿ ಬುದ್ಧಿವಂತ ಎಂದು ನಮ್ಮ ಅಂಗಡಿ ಮುಂದೆ ಜಗಳವೇ ಆಗುತ್ತಿತ್ತು. ಜಗಳ ಆಡುತ್ತಿದ್ದವರು ಯಾರು ಗೊತ್ತಾ? ರೈಲ್ವೆ ಗ್ಯಾಂಗ್‌ಮನ್‌ಗಳು, ಹೋಟೆಲ್ ಸಪ್ಲೈಯರ್‌ಗಳು, ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವ ಹುಡುಗರು. ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಒಬ್ಬ ಸಪ್ಲೈಯರ್ ಮೊದಮೊದಲು ಒಂದು ಪುಸ್ತಕಕ್ಕೆ ಐದು ದಿನ ತಗೊಳ್ಳುತ್ತಿದ್ದ. ಒಂದೇ ವರ್ಷದಲ್ಲಿ ಎರಡು ದಿನಕ್ಕೆ ಇಳಿಸಿದ. ಬಾಡಿಗೆ ಉಳಿಯುತ್ತದಲ್ಲಾ ಎಂದು ಅವನ ಲೆಕ್ಕ. ವಯಸ್ಕರ ಶಿಕ್ಷಣದ ಯಾವ ಕ್ಲಾಸಿಗೂ ಅವನು ಹೋದವನಲ್ಲ.

ಈ ಪುಸ್ತಕಗಳನ್ನು ಯಾವ ವಿಮರ್ಶಕರೂ ಮುಟ್ಟಲಿಲ್ಲ. ಅವುಗಳಲ್ಲಿ ಎಷ್ಟೋ ಒಂದರ ಹಾಗೇ ಇನ್ನೊಂದು ಇರುತ್ತಿದ್ದವು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಕತ್ತಲ ರಾತ್ರಿ, ಒಂಟಿ ಬಂಗಲೆ, ಕಿಟಾರನೆ ಕಿರುಚಿದ ಹೆಣ್ಣು. ಆದರೆ ಓದುಗನಿಗೆ ಬೇಕಾಗಿದ್ದದ್ದೇ ಅದು. ಗೊತ್ತಿರುವ ಬೀದಿಯಲ್ಲೇ ಹೋಗಿ ಕೊನೆಯ ತಿರುವಿನಲ್ಲಿ ಮಾತ್ರ ಬೆಚ್ಚಿಬೀಳಬೇಕು.

ಒಂದು ಅಡ್ಡ ಮಾತು. ನಮ್ಮ ಹಳದಿ ಕೆಂಪು ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಕೂಡ. ನವೆಂಬರ್ ಒಂದನೇ ತಾರೀಕು ಬಾವುಟ ಹಾರಿಸುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ! ಇನ್ನೊಬ್ಬರು ಟಿ.ಕೆ. ರಾಮರಾವ್. ಸಸ್ಪೆನ್ಸ್ ಬರೆಯುವುದರಲ್ಲಿ ಎತ್ತಿದ ಕೈ. ಹೊಲ, ಗದ್ದೆ, ಮಣ್ಣಿನ ಕತೆ ಎಂದು ನಾವೆಲ್ಲ ನೆನೆಯುವ 'ಬಂಗಾರದ ಮನುಷ್ಯ' ಅವರದೇ ಕಾದಂಬರಿ. 1972ರ ರಾಜ್‌ಕುಮಾರ್ ಸಿನಿಮಾ ನೋಡಿದವರು ಕೋಟಿಗಟ್ಟಲೆ ಇದ್ದಾರು, ಮೂಲ ಬರೆದವರು ಕೊಲೆ, ಪತ್ತೆಗಳ ಲೇಖಕರು ಎಂದು ಹೇಳಿದರೆ ನಂಬಲ್ಲ.

ಈಗ ಕೊನೆಯ ಪುಟದ ಕತೆ. ಬಾಡಿಗೆ ಲೈಬ್ರರಿ ನಡೆಸಿದವರಿಗೆಲ್ಲ ಈ ಕಷ್ಟ ಗೊತ್ತಿರುತ್ತದೆ. ಯಾರೋ ಪುಣ್ಯಾತ್ಮರು ಪತ್ತೇದಾರಿ ಪುಸ್ತಕದ ಕೊನೆ ಹಾಳೆ ಹರಿದುಕೊಂಡು ಹೋಗಿಬಿಡುತ್ತಾರೆ. ಯಾಕೋ ಗೊತ್ತಿಲ್ಲ. ಹಾಗೆ ಒಂದು ಪುಸ್ತಕ ಬಂತು. ನೂರಾ ಇಪ್ಪತ್ತೋ ನೂರಾ ಮೂವತ್ತೋ ಪುಟ, ಕೊಲೆಗಾರ ಯಾರು ಎಂದು ಬೆರಳು ತೋರಿಸುವ ಹೊತ್ತಿಗೆ ಹಾಳೆ ಇಲ್ಲ. ಪುಸ್ತಕ ಎಸೆಯಲು ಅಪ್ಪನಿಗೆ ಮನಸ್ಸಿಲ್ಲ. ಮೊದಲೇ ಓದಿದ್ದ ಒಬ್ಬ ಗೂಡ್ಸ್ ಗಾರ್ಡನ್ನು ಕೂರಿಸಿಕೊಂಡು, ಕಾಫಿ ಕುಡಿಸಿ, ಕೊನೆಗೇನಾಯಿತು ಎಂದು ಕೇಳಿದರು. ಅವರು ಹೇಳಿದರು. ಅಪ್ಪ ರೂಲ್ಡ್ ಹಾಳೆಯಲ್ಲಿ ಮುದ್ದಾಗಿ ಬರೆದು ಮೈದಾ ಅಂಟಿನಲ್ಲಿ ಅಂಟಿಸಿದರು. ಕೆಳಗೆ 'ಮುಗಿಯಿತು' ಎಂದೂ ಬರೆದರು. ಆ ಪುಸ್ತಕ ಹತ್ತು ವರ್ಷ ಓಡಿತು. ಒಬ್ಬರೂ ದೂರು ಹೇಳಲಿಲ್ಲ.

ನನಗೆ ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಅದೇ ಪುಸ್ತಕ ಸಿಕ್ಕಿತು. ಇಡಿಯಾಗಿತ್ತು. ನಿಂತಲ್ಲೇ ಕೊನೆ ಪುಟ ತೆಗೆದೆ. ಕೊಲೆಗಾರ ಬೇರೆ! ನಮ್ಮೂರಿನಲ್ಲಿ ಹತ್ತು ವರ್ಷ ಜನ ಒಬ್ಬ ಅಮಾಯಕ ಅಡುಗೆಯವನನ್ನು ಕೊಲೆಗಾರ ಎಂದು ನಂಬಿದ್ದರು. ಪುಸ್ತಕದ ಹೆಸರು ಹೇಳಲ್ಲ. ಆ ಲೇಖಕರ ಅಭಿಮಾನಿಗಳು ಇಲ್ಲೂ ಇರಬಹುದು. ಗಾರ್ಡು ಬೇರೆ ಪುಸ್ತಕದ ಕೊನೆಯನ್ನು ಇದಕ್ಕೆ ಹಚ್ಚಿದರೋ, ಅಥವಾ ಕಾಫಿ ಕುಡಿಸಿದರಲ್ಲ ಎಂದು ಸ್ಥಳದಲ್ಲೇ ಹೊಸೆದರೋ, ಕೇಳೋಣ ಎಂದರೆ ಅವರು ಅಷ್ಟರಲ್ಲಿ ಇರಲಿಲ್ಲ. ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಡುಗೆಯವನೇ ಸರಿ. ಅವನ ಮೇಲೆ ನನಗೆ ಮೊದಲಿಂದ ಅನುಮಾನ ಇತ್ತು" ಎಂದರು.

ಹೆಂಗಸರ ಕಾದಂಬರಿಗಳಿಗೆ ಬರುತ್ತೇನೆ. ಹಾಗೆ ಕರೆಯಬಾರದು ಎಂದು ಇಲ್ಲಿ ಕೂತಿರುವ ಒಬ್ಬ ಮೇಡಂ ಈಗಾಗಲೇ ಹುಬ್ಬು ಗಂಟಿಕ್ಕಿದ್ದಾರೆ. ಆದರೆ ಅಂಗಡಿಯಲ್ಲಿ ಹಾಗೇ ಕರೆಯುತ್ತಿದ್ದರು. 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದವರೂ ಇದ್ದರು. ಮೂಗು ಮುರಿದವರಲ್ಲಿ ಒಬ್ಬ ಮೇಷ್ಟ್ರು ಪ್ರತಿ ಶನಿವಾರ "ಹೆಂಡತಿಗೆ" ಎಂದು ಹೇಳಿ ಎರಡು ಪುಸ್ತಕ ಒಯ್ಯುತ್ತಿದ್ದರು. ಅವರ ಹೆಂಡತಿ ಬೇರೆಯಾಗಿ ಚೀಟಿ ಕಳಿಸುತ್ತಿದ್ದರು.

ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ನಿಜವಾದ ಹೆಸರು ಅನಸೂಯಾ ಶಂಕರ್. ಓದಿದ್ದು ಮನಃಶಾಸ್ತ್ರ. 1963ರಲ್ಲಿ ತೀರಿಕೊಂಡರು. ಬರೆಯಲು ಸಿಕ್ಕಿದ್ದು ಹತ್ತು ಹನ್ನೊಂದು ವರ್ಷ. ಅಷ್ಟರಲ್ಲಿ ಇಪ್ಪತ್ತರ ಹತ್ತಿರ ಕಾದಂಬರಿ. ನಾನು ಗಲ್ಲಾ ಮೇಲೆ ಕೂರುವ ಹೊತ್ತಿಗೆ ಅವರು ಹೋಗಿ ಇಪ್ಪತ್ತು ವರ್ಷ ಆಗುತ್ತಾ ಬಂದಿತ್ತು. "ಹೊಸ ತ್ರಿವೇಣಿ ಬಂತಾ?" ಎಂದು ಆಗಲೂ ಕೇಳುವವರಿದ್ದರು. ಮೊದಮೊದಲು ನಾನು ನಿಜ ಹೇಳುತ್ತಿದ್ದೆ. ಅವರ ಮುಖ ಬಾಡುತ್ತಿತ್ತು. ಆಮೇಲೆ "ಇನ್ನೂ ಬಂದಿಲ್ಲ ಆಂಟಿ" ಎನ್ನುವುದನ್ನು ಕಲಿತೆ.

'ಶರಪಂಜರ'ದ ಕಾವೇರಿ ನಿಮಗೆಲ್ಲ ಗೊತ್ತು. ಬಾಣಂತಿತನದಲ್ಲಿ ಬುದ್ಧಿಭ್ರಮಣೆಯಾಗಿ, ಆಸ್ಪತ್ರೆಗೆ ಸೇರಿ, ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳಿಗೆ ವಾಸಿಯಾಗಿದೆ, ಮನೆಯವರಿಗೆ ಅವಳ ಮೇಲೆ ನಂಬಿಕೆ ಬಂದಿಲ್ಲ. ಒಂದು ಮಾತು ಜೋರಾಗಿ ಆಡಿದರೆ ಸಾಕು, ಮತ್ತೆ ಕೆಟ್ಟಿತೇನೋ ಎಂದು ನೋಡುತ್ತಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಆ ಪುಸ್ತಕ ವಾಪಸ್ ಕೊಡಲು ಬಂದ ಒಬ್ಬ ಹೆಂಗಸು ಗಲ್ಲಾದ ಮುಂದೆ ಸುಮ್ಮನೆ ನಿಂತಿದ್ದರು. ಚಿಲ್ಲರೆ ಕೊಟ್ಟೆ. ತಗೊಳ್ಳಲಿಲ್ಲ. "ನಮ್ಮಕ್ಕನೂ ಹೀಗೇ ಆಗಿದ್ದಳು" ಎಂದರು. ಅಷ್ಟೇ. ನನಗೆ ಆಗ ಹನ್ನೆರಡು ವರ್ಷ, ಏನು ಹೇಳಬೇಕೋ ತೋಚಲಿಲ್ಲ. ಮತ್ತೊಂದು ತ್ರಿವೇಣಿ ತೆಗೆದು ಕೊಟ್ಟೆ. ದುಡ್ಡು ಬರೆದುಕೊಳ್ಳಲಿಲ್ಲ.

ತ್ರಿವೇಣಿ ಹೋದಾಗ ಅವರ 'ಅವಳ ಮಗಳು' ಅರ್ಧಕ್ಕೆ ನಿಂತಿತ್ತು. ಅದನ್ನು ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ನಮ್ಮಪ್ಪ ಗಾರ್ಡನ್ನು ಕೂರಿಸಿಕೊಂಡು ಮಾಡಿದ ಕೆಲಸವನ್ನು ಪದ್ಮಾ ಅವರು ಗೌರವದಿಂದ, ಹೆಸರು ಹಾಕಿ ಮಾಡಿದರು. ಓದುಗರಿಗೆ ಬೇಕಾಗಿತ್ತು, ಮಾಡಿದರು.

ತ್ರಿವೇಣಿ ಮುಗಿದರೆ ಯಾರನ್ನು ಕೊಡಬೇಕು ಅನ್ನೋದಕ್ಕೆ ಅಪ್ಪನ ಬಳಿ ಒಂದು ಪಟ್ಟಿ ಇತ್ತು. ತ್ರಿವೇಣಿ ಆದರೆ ಅವರ ತಂಗಿ ಆರ್ಯಾಂಬ ಪಟ್ಟಾಭಿ. ಆಮೇಲೆ 'ಶುಭಮಂಗಳ', 'ಎರಡು ಕನಸು' ಬರೆದ ವಾಣಿ. ಆಮೇಲೆ ಎಂ.ಕೆ. ಇಂದಿರಾ. ಇಂದಿರಾ ಅವರದು ಎಲ್ಲರಿಗಿಂತ ಚೆನ್ನಾದ ಕತೆ. 1917ರಲ್ಲಿ ಹುಟ್ಟಿದವರು, ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಸಂಸಾರ, ಮಕ್ಕಳು ಎಲ್ಲ ಆಗಿ, ನಲವತ್ತೈದು ದಾಟಿದ ಮೇಲೆ ಪೆನ್ನು ಹಿಡಿದರು. 1976ರಲ್ಲಿ 'ಫಣಿಯಮ್ಮ' ಬರೆದರು. ಬಾಲವಿಧವೆಯೊಬ್ಬಳ ಇಡೀ ಬದುಕು, ಒಂದು ಕಡೆಯೂ ಕೂಗಾಟ ಇಲ್ಲ. 'ಫಣಿಯಮ್ಮ'ವನ್ನು ಗಂಭೀರ ಸಾಹಿತ್ಯದ ಕಪಾಟಿಗೆ ಸೇರಿಸಿದರು, ಅವರ ಉಳಿದ ಪುಸ್ತಕಗಳನ್ನು ನಮ್ಮ ಅಂಗಡಿಗೇ ಬಿಟ್ಟರು. ಓದುವವರು ಮಾತ್ರ ಎರಡನ್ನೂ ಒಟ್ಟಿಗೆ ಓದಿದರು.

ಮುಂದಿನ ತಲೆಮಾರಿನಲ್ಲಿ ಸಾಯಿಸುತೆ, ನೂರಕ್ಕೂ ಹೆಚ್ಚು ಕಾದಂಬರಿ. ಉಷಾ ನವರತ್ನರಾಂ, ಅವರ 'ಬಂಧನ'ವೇ ವಿಷ್ಣುವರ್ಧನ್ ಸಿನಿಮಾ ಆದದ್ದು. ಆ ಹೊತ್ತಿನ ಎಷ್ಟೋ ಪ್ರೇಮ ಕಾದಂಬರಿಗಳಲ್ಲಿ ನಾಯಕನಿಗೆ ಕಾಫಿ ತೋಟ, ಜೀಪು ಮತ್ತು ಕಡಿಮೆ ಮಾತು. ನಾಯಕಿಗೆ ಬಡತನ ಮತ್ತು ಉದ್ದ ಜಡೆ. ಅರಸೀಕೆರೆಯ ಹುಡುಗಿಯರು ಚಿಕ್ಕಮಗಳೂರಿನ ಬಸ್ಸನ್ನು ಬೇರೆಯೇ ದೃಷ್ಟಿಯಿಂದ ನೋಡುತ್ತಿದ್ದರು. ನಾನೂ ನೋಡಿದ್ದೇನೆ. ನನಗೆ ಸಿಕ್ಕಿದ್ದು ಟೆಲಿಫೋನ್ ಇಲಾಖೆಯವರು. (ನಗು)

ಹೊಲಿಯುವ ವಿಷಯ ಹೇಳುತ್ತೇನೆ ಎಂದಿದ್ದೆ ಅಲ್ವಾ? ಇವತ್ತು ಅದನ್ನು ತಂದಿದ್ದೇನೆ. ಇದು. ಹಿಂದಿನ ಸಾಲಿನವರಿಗೂ ಕಾಣಲಿ.

ನಮ್ಮಮ್ಮ ಅಂಗಡಿಗೆ ಬರುತ್ತಿರಲಿಲ್ಲ. ಅಂಗಡಿಯ ಪುಸ್ತಕವನ್ನೂ ಜಾಸ್ತಿ ಓದುತ್ತಿರಲಿಲ್ಲ. ಅಮ್ಮನದು ವಾರಪತ್ರಿಕೆ. 'ಸುಧಾ' 1965ರಿಂದ ಬರುತ್ತಿತ್ತು, 1983ರಲ್ಲಿ ಮಣಿಪಾಲದಿಂದ 'ತರಂಗ' ಶುರುವಾಯಿತು. 'ಪ್ರಜಾಮತ', 'ಕರ್ಮವೀರ' ಇದ್ದವು. ಎಲ್ಲದರಲ್ಲೂ ಧಾರಾವಾಹಿ. ವಾರಕ್ಕೆ ಎರಡು ಮೂರು ಪುಟ, ಒಂದು ಚಿತ್ರ, ಕೊನೆಗೆ ಬ್ರಾಕೆಟ್ಟಿನಲ್ಲಿ 'ಮುಂದುವರಿಯುವುದು'. ಅಮ್ಮ ಆ ಪುಟಗಳನ್ನು ಬ್ಲೇಡಿನಲ್ಲಿ ಬಿಡಿಸಿ, ಅಕ್ಕಿ ಡಬ್ಬದ ಮೇಲೆ ಒಂದರ ಮೇಲೊಂದು ಇಡುತ್ತಿದ್ದರು. ಧಾರಾವಾಹಿ ಮುಗಿದ ವಾರ ದಬ್ಬಣ, ಗೋಣಿದಾರ ತಂದು ಕೂರುತ್ತಿದ್ದರು. ಮೂರು ತೂತು, ಎರಡು ಸುತ್ತು ಹೊಲಿಗೆ. ರಟ್ಟಿಗೆ ಹಳೇ ಲಗ್ನಪತ್ರಿಕೆ.

ನೋಡಿ, ಮೇಲೆ ಗಣೇಶ, ಕೆಳಗೆ "ತಮ್ಮ ಆಗಮನಾಭಿಲಾಷಿಗಳು". ಒಳಗೆ ಕಾದಂಬರಿ. ನಾಯಕಿ ರೈಲು ಹತ್ತುವ ಪುಟದ ಹಿಂಭಾಗದಲ್ಲಿ ಕೆಮ್ಮಿನ ಔಷಧಿಯ ಜಾಹೀರಾತು. ಏಳನೇ ಕಂತು ಇಲ್ಲ. ಆ ವಾರದ ಪತ್ರಿಕೆಯನ್ನು ಪಕ್ಕದ ಮನೆಯವರು ಒಯ್ದವರು ಕೊಡಲೇ ಇಲ್ಲ. ಅಮ್ಮ ಅಲ್ಲಿ ಒಂದು ಖಾಲಿ ಹಾಳೆ ಇಟ್ಟು ಹೊಲಿದಿದ್ದಾರೆ. ಪೆನ್ಸಿಲ್ಲಿನಲ್ಲಿ ಎರಡೇ ಸಾಲು: "ಇಲ್ಲಿ ಅವಳ ಅಪ್ಪ ಸಾಯುತ್ತಾನೆ. ಪತ್ರ ಸಿಗುತ್ತದೆ." ನಲವತ್ತು ವರ್ಷದಿಂದ ಈ ಕಾದಂಬರಿಯನ್ನು ಯಾರು ಓದಿದರೂ ಏಳನೇ ಅಧ್ಯಾಯ ನಮ್ಮಮ್ಮನದೇ.

ಧಾರಾವಾಹಿ ಎಂದರೆ ಬರೆಯುವವರಿಗೂ ಒಂದು ಶಿಸ್ತು. ಪ್ರತಿ ವಾರ ಮೂರು ಪುಟದ ಕೊನೆಗೆ ಒಂದು ಬಾಗಿಲು ಅರ್ಧ ತೆರೆದು ನಿಲ್ಲಬೇಕು. ಕಂತಿಗಾಗಿ ಬರೆದ ಕಾದಂಬರಿಗಳನ್ನು ಪುಸ್ತಕವಾಗಿ ಒಂದೇ ಉಸಿರಿಗೆ ಓದಿದರೆ ಇದು ಗೊತ್ತಾಗುತ್ತದೆ. ಪ್ರತಿ ಹತ್ತು ಪುಟಕ್ಕೊಮ್ಮೆ ಯಾರೋ ಬೆಚ್ಚುತ್ತಾರೆ. ವಾರಕ್ಕೊಮ್ಮೆ ಬೆಚ್ಚಿದರೆ ಚೆಂದ, ಒಂದೇ ರಾತ್ರಿಯಲ್ಲಿ ಇಪ್ಪತ್ತು ಸಲ ಬೆಚ್ಚಿದರೆ ಸುಸ್ತು.

ಇದೆಲ್ಲ ಸುಧಾ, ತರಂಗದಿಂದ ಶುರುವಾದದ್ದೂ ಅಲ್ಲ. ಬಿ. ವೆಂಕಟಾಚಾರ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು. ಹಾವೇರಿ ಕಡೆಯ ಗಳಗನಾಥರು ಐತಿಹಾಸಿಕ ಕಾದಂಬರಿ ಬರೆದು, ತಾವೇ ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿ ಚಂದಾದಾರರನ್ನು ಮಾಡಿಕೊಂಡರು. ಗ್ರಂಥಮಾಲೆ ಎಂಬ ಮಾತನ್ನು ಗಮನಿಸಿ. ಬೇರೆ ಬೇರೆ ಲೇಖಕರು, ಬೇರೆ ಬೇರೆ ಕತೆ, ಆದರೂ ಒಂದೇ ಮಾಲೆ. ಆ ಗ್ರಂಥಮಾಲೆ 'ಖೋ ಖೋ' ಎಂಬ ಕಾದಂಬರಿಯನ್ನೂ ತಂದಿತು. ಒಬ್ಬರು ಒಂದಷ್ಟು ಬರೆದು 'ಖೋ' ಕೊಟ್ಟರೆ ಇನ್ನೊಬ್ಬ ಲೇಖಕರು ಎದ್ದು ಓಡಬೇಕು. ಆಟದ ಹೆಸರನ್ನೇ ಇಟ್ಟರು.

ಅನಕೃ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ನೂರಕ್ಕೂ ಹೆಚ್ಚು ಕಾದಂಬರಿ, ಕಾದಂಬರಿ ಸಾರ್ವಭೌಮ ಎಂದೇ ಹೆಸರು. ಎಲ್ಲ ಕಪಾಟಿನಲ್ಲಿದ್ದವು. ವೇಶ್ಯೆಯರ ಬದುಕಿನ ಬಗ್ಗೆ ಬರೆದ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಮಾತ್ರ ಗಲ್ಲಾದ ಕೆಳಗೆ. ಕೇಳುವವರು ಕೇಳುವಾಗ ರಸ್ತೆ ಕಡೆ ನೋಡುತ್ತಿದ್ದರು. ಅಶ್ಲೀಲ ಎಂದು ಕೂಗೆದ್ದಾಗ ಅನಕೃ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅದು ಕಪಾಟಿನ ಮೇಲೇ ಇತ್ತು. ಯಾರೂ ಒಯ್ಯಲಿಲ್ಲ.

ತರಾಸು ಬೇರೆ. ತರಾಸು ಅವರಲ್ಲಿ ಸರಣಿ ಕಟ್ಟಿದ್ದು ಒಂದು ಊರು. ಚಿತ್ರದುರ್ಗ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'. ಈ ಮೂರನ್ನು ಬಿಡಿಬಿಡಿಯಾಗಿ ಒಯ್ದವರನ್ನು ನಾನು ಕಾಣೆ. ಮೊದಲನೆಯದು ಕೊಟ್ಟ ಮರುದಿನವೇ ಎರಡನೆಯದಕ್ಕೆ ಬಂದು ನಿಲ್ಲುತ್ತಿದ್ದರು. ಎರಡನೆಯದನ್ನು ಬೇರೆ ಯಾರೋ ಒಯ್ದಿದ್ದರೆ ಅವರ ಮನೆ ಎಲ್ಲಿ ಎಂದು ಕೇಳುತ್ತಿದ್ದರು! ದಳವಾಯಿ ಮುದ್ದಣ್ಣನನ್ನು ಬೈಯದವರಿಲ್ಲ. ನಿಜವಾಗಿ ಊರಿನಲ್ಲೇ ಇರುವ ದುಷ್ಟನನ್ನು ಬೈದ ಹಾಗೆ ಬೈಯುತ್ತಿದ್ದರು. ಒಬ್ಬ ಅಜ್ಜ ಈ ಕಾದಂಬರಿಗಳನ್ನು ಮುಗಿಸಿ, ಬಸ್ಸು ಹತ್ತಿ ದುರ್ಗಕ್ಕೆ ಹೋಗಿ, ಕೋಟೆಯನ್ನೆಲ್ಲ ತಿರುಗಿ ಬಂದು, "ಎಲ್ಲಾ ಅವರು ಬರೆದ ಹಾಗೇ ಇದೆ" ಎಂದು ಅಪ್ಪನಿಗೆ ವರದಿ ಒಪ್ಪಿಸಿದರು.

ಆ ಕಾದಂಬರಿಗಳು ಬಂದು ಎಷ್ಟೋ ವರ್ಷ ಆದ ಮೇಲೆ, 1982ರಲ್ಲಿ, ಕೊನೆಯ ಪಾಳೆಯಗಾರ ಮದಕರಿ ನಾಯಕನ ಪತನದ ಕತೆ 'ದುರ್ಗಾಸ್ತಮಾನ' ಬಂತು. ದಪ್ಪ ಪುಸ್ತಕ, ಎಂಟಾಣೆ ಬಾಡಿಗೆ. ಹೈದರಾಲಿ ಗೆಲ್ಲುತ್ತಾನೆ, 1779ರಲ್ಲಿ ಕೋಟೆ ಬೀಳುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಕೊನೆ. ಆದರೂ ಜನ ನಿಧಾನವಾಗಿ ಓದಿದರು. ಬೇಗ ಓದಿದರೆ ದುರ್ಗ ಬೇಗ ಬೀಳುತ್ತದಲ್ಲ! ನಮ್ಮ ಲೆಕ್ಕದ ಪುಸ್ತಕದಲ್ಲಿ ಅತಿ ಹೆಚ್ಚು ದಿನ ಹೊರಗಿದ್ದ ಪುಸ್ತಕ ಅದೇ. ತರಾಸು 1984ರಲ್ಲಿ ಹೋದರು. 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.

ಇದೇ ಹೊತ್ತಿಗೆ ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥ್ ಬಂದರು. 'ತುಳಸಿದಳ'. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟ, ಕಾಷ್ಮೋರಾ ಎಂಬ ಕ್ಷುದ್ರಶಕ್ತಿ. ಅದನ್ನು ಓದಿದ ಮೇಲೆ ನಮ್ಮ ಬೀದಿಯಲ್ಲಿ ರಾತ್ರಿ ಹಿತ್ತಲಿಗೆ ಹೋಗಲು ಜೊತೆಗೆ ಇನ್ನೊಬ್ಬರು ಬೇಕಾಯಿತು. ಒಬ್ಬರು ಪುಸ್ತಕವನ್ನು ರಾತ್ರಿ ಮನೆಯೊಳಗೆ ಇಟ್ಟುಕೊಳ್ಳದೆ ಹೊರಗೆ ಸೈಕಲ್ ಕ್ಯಾರಿಯರ್‌ಗೆ ಸಿಕ್ಕಿಸಿದರು. ಮಳೆ ಬಂತು. ದಂಡ ಹಾಕಿದೆವು. ಈ ಅನುವಾದಗಳು ಬಂದ ಮೇಲೆ ಗಂಡಸರು, ಹೆಂಗಸರು ಎಂದು ಎರಡು ಕಪಾಟು ಇಡುವ ಅಗತ್ಯ ಉಳಿಯಲಿಲ್ಲ. ಕಾಲೇಜು ಹುಡುಗರು, ಅವರ ಅಮ್ಮಂದಿರು, ಪತ್ತೇದಾರಿ ಓದುವ ಸಪ್ಲೈಯರ್, ಎಲ್ಲರಿಗೂ ಯಂಡಮೂರಿ. ಮಾಟ, ವೈದ್ಯ, ಚೆಸ್ಸು, ಪ್ರೇಮ ಎಲ್ಲ ಒಂದೇ ಲೇಖಕರ ಕೈಲಿ ಬರುತ್ತಿತ್ತು. ಚೆಸ್ ಆಟಗಾರನಿಗೆ ಯಾರೋ ಹುಡುಗಿ ಫೋನ್ ಮಾಡುವ ಕತೆ ಆಮೇಲೆ 'ಬೆಳದಿಂಗಳ ಬಾಲೆ' ಸಿನಿಮಾ ಆಯಿತು. ಅನಂತ್ ನಾಗ್ ಇದ್ದರಲ್ಲ, ಅದು.

ತೇಜಸ್ವಿಯವರನ್ನು ಈ ಸಾಲಿನಲ್ಲಿ ಇಟ್ಟರೆ ಕೆಲವರಿಗೆ ಸಿಟ್ಟು ಬರಬಹುದು. ಆದರೆ ಅಂಗಡಿಯ ಲೆಕ್ಕದಲ್ಲಿ ಅವರು ಇಲ್ಲೇ. ಪತ್ತೇದಾರಿ ಓದಿ ಬೇಸತ್ತ ಹುಡುಗನಿಗೆ ಅಪ್ಪ ಕೊಡುತ್ತಿದ್ದದ್ದು 1980ರ 'ಕರ್ವಾಲೊ'. ಹಾರುವ ಓತಿಯನ್ನು ಹುಡುಕುವುದೂ ಪತ್ತೇದಾರಿಯೇ ತಾನೇ? 1994ರ 'ಜುಗಾರಿ ಕ್ರಾಸ್' ಅಂತೂ ಥ್ರಿಲ್ಲರೇ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಘಟ್ಟದ ಕಾಡು, ಒಂದು ಹಗಲು ರಾತ್ರಿ. ಅದನ್ನು ಒಯ್ದವರು ಮರುದಿನ ಬೆಳಿಗ್ಗೆಯೇ ತಂದುಕೊಡುತ್ತಿದ್ದರು. ಅಪ್ಪನಿಗೆ ಒಂದೇ ದಿನದ ಬಾಡಿಗೆ. "ಒಳ್ಳೇ ಪುಸ್ತಕದಿಂದ ಲಾಸು ಕಣೇ" ಎನ್ನುತ್ತಿದ್ದರು.

ಈಚಿನವರಲ್ಲಿ ಕೆ.ಎನ್. ಗಣೇಶಯ್ಯನವರನ್ನು ಓದುವಾಗ ನಮ್ಮ ಅಂಗಡಿ ಇರಬೇಕಿತ್ತು ಅನಿಸುತ್ತದೆ. ಕೃಷಿ ವಿಜ್ಞಾನಿ. ಹೊಯ್ಸಳ ಶಿಲ್ಪದ ಕೈಯಲ್ಲಿ ಕಾಣುವುದು ಮೆಕ್ಕೆಜೋಳದ ತೆನೆಯಾ ಎಂಬ ಪ್ರಶ್ನೆ ಹಿಡಿದು 'ಕನಕ ಮುಸುಕು' ಬರೆದರು. ಕಾದಂಬರಿಗೆ ಅಡಿಟಿಪ್ಪಣಿ ಬೇರೆ! ಆ ಗ್ಯಾಂಗ್‌ಮನ್‌ಗಳು ಅಡಿಟಿಪ್ಪಣಿ ಹಿಡಿದು ಜಗಳ ಆಡುವುದನ್ನು ನೋಡಬೇಕಿತ್ತು.

ಅಂಗಡಿ ಮುಚ್ಚಿದ್ದು 1997ರಲ್ಲಿ. 1994ರಲ್ಲಿ ಉದಯ ಟಿವಿ ಬಂದಿತ್ತು, ಕೇಬಲ್ ಮನೆಮನೆಗೆ ಬಂತು. ಚೀಟಿ ತರುವ ಮಕ್ಕಳು ಒಬ್ಬೊಬ್ಬರೇ ನಿಂತರು. ಯಾರ ಮೇಲೂ ದೂರಿಲ್ಲ. 'ಮುಂದುವರಿಯುವುದು' ಎನ್ನುವುದು ಪತ್ರಿಕೆಯಿಂದ ಟಿವಿಗೆ ಹೋಯಿತು, ಅಷ್ಟೇ. ಅಪ್ಪ ಡಿಪಾಸಿಟ್ಟುಗಳನ್ನೆಲ್ಲ ವಾಪಸ್ ಕೊಟ್ಟರು. ನಲವತ್ತೋ ಐವತ್ತೋ ಪುಸ್ತಕ ಊರಿನಲ್ಲೇ ಉಳಿದವು. ಅದರಲ್ಲಿ 'ರಕ್ತರಾತ್ರಿ' ಎರಡು ಪ್ರತಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸುತ್ತೇನೆ. "ಈಗಿನ ಮಕ್ಕಳು ಕನ್ನಡ ಕಾದಂಬರಿ ಓದುತ್ತಾರಾ ಮೇಡಂ?"

ನನ್ನ ತಂಗಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ರಾತ್ರಿ ಹನ್ನೊಂದರ ಮೇಲೆ ಅವಳ ಫೋನಿನ ಬೆಳಕು ಹೊದಿಕೆಯೊಳಗಿಂದ ಕಾಣುತ್ತದೆ. ಕತೆ ಓದುವ 'ಪ್ರತಿಲಿಪಿ' ಆ್ಯಪ್‌ನಲ್ಲಿ ಧಾರಾವಾಹಿ. ನೂರಾರು ಅಧ್ಯಾಯ, ಅಧ್ಯಾಯ ಎಂದರೆ ನಾಲ್ಕೈದು ನಿಮಿಷದ ಓದು. ನಾಯಕನಿಗೆ ಈಗ ತೋಟದ ಬದಲು ಕಂಪನಿ ಇದೆ. ಮಾತು ಈಗಲೂ ಕಡಿಮೆ. ಮುಂದಿನ ಭಾಗ ಈಗಲೇ ಬೇಕೆಂದರೆ ನಾಣ್ಯ ಖರ್ಚು ಮಾಡಬೇಕು, ಇಲ್ಲದಿದ್ದರೆ ಕಾಯಬೇಕು. ಕೆಳಗೆ ಓದುಗರು ಬರೆಯುತ್ತಾರೆ: "ಅವನನ್ನು ಸಾಯಿಸಬೇಡಿ ಅಕ್ಕ." "ಬೇಗ ಮುಂದಿನ ಭಾಗ ಹಾಕಿ ಪ್ಲೀಸ್."

ಮೊನ್ನೆ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಏನೇ ಎಂದೆ. ಅವಳು ನೂರಾ ನಲವತ್ತು ಭಾಗ ಓದಿದ್ದ ಕತೆಯನ್ನು ಬರೆಯುವವರು ನಡುವೆ ನಿಲ್ಲಿಸಿಬಿಟ್ಟಿದ್ದಾರಂತೆ. ಎರಡು ತಿಂಗಳಾಯಿತು, ಸುದ್ದಿಯಿಲ್ಲ.

"ಇಲ್ಲಿವರೆಗೂ ಏನಾಗಿದೆ, ಹೇಳು" ಎಂದೆ. ಹೇಳಿದಳು. ಮುಕ್ಕಾಲು ಗಂಟೆ ಹಿಡಿಯಿತು. ಕತೆಯಲ್ಲಿ ಒಬ್ಬ ಅಡುಗೆಯವನಿದ್ದ. ನನಗೆ ಅವನ ಮೇಲೆ ಅನುಮಾನ.